ಲೆಕ್ಕಕ್ಕೆ ಸಿಗದ ಅಜ್ಜಿ

ಮುದುಕರ ಕಾಯಿಲೆಗೆಲ್ಲ ನಮ್ಮಲ್ಲಿ ಒಂದೇ ಹೆಸರು: ‘ವಯಸ್ಸಾಯಿತು’. ಕೆಮ್ಮು ಬಂದರೂ ವಯಸ್ಸು, ಮರೆವು ಬಂದರೂ ವಯಸ್ಸು. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಹೇಳಿ ಕೈತೊಳೆದುಕೊಳ್ಳುತ್ತೇವೆ. ಈ ವಯಸ್ಸೆಂಬುದು ದೇಹದೊಳಗೆ ಮಾಡುವುದಾದರೂ ಏನು ಎಂದು ಕೇಳುವವರು ಕಡಮೆ.

ನಮ್ಮ ಅಜ್ಜಿಗೆ ಸರ್ಪಸುತ್ತು ಎದ್ದಾಗ ನಾನು ಈ ಪ್ರಶ್ನೆಯ ಬೆನ್ನು ಹತ್ತಿದೆ. ಹಾವು ಕೊಂದ ಪಾಪವೆಂದು ನೆರೆಯವರು ಹೇಳಿದರು. ಪಾಪ, ಹಾವಿಗೂ ಇದಕ್ಕೂ ಸಂಬಂಧವೇ ಇಲ್ಲ! ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸು ರೋಗ ಗುಣವಾದ ಮೇಲೂ ದೇಹವನ್ನು ಬಿಟ್ಟು ಹೋಗುವುದಿಲ್ಲ. ನರಗಳ ಬುಡದಲ್ಲಿ ಅಡಗಿ ಕುಳಿತಿರುತ್ತದೆ. ಅದನ್ನು ಕಾಯುವ ರಕ್ತದ ಬಿಳಿಕಣಗಳು ಮುಪ್ಪಿನಲ್ಲಿ ದಣಿದಾಗ, ಕಾವಲುಗಾರ ತೂಕಡಿಸುವುದನ್ನೇ ಕಾದಿದ್ದ ಸೆರೆಯಾಳಿನಂತೆ ಹೊರಬೀಳುತ್ತದೆ. ಗುಳ್ಳೆಗಳು ಬಾಡಿದ ಮೇಲೂ ಮೂರು ತಿಂಗಳು, ಸೆರಗು ತಾಕಿದರೆ ಅಜ್ಜಿ ಚೀರುತ್ತಿದ್ದಳು.

ಇದಕ್ಕೆ ಲಸಿಕೆಯುಂಟು. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ 2013ರ ಸೆಪ್ಟೆಂಬರ್ 1ರಿಂದ ಅದನ್ನು ವೃದ್ಧರಿಗೆ ಕೊಡತೊಡಗಿದರು. 1933ರ ಸೆಪ್ಟೆಂಬರ್ 2ರಂದು ಅಥವಾ ಅನಂತರ ಹುಟ್ಟಿದವರು ಅದಕ್ಕೆ ಅರ್ಹರಾಗಿದ್ದರು. ಅದಕ್ಕೆ ಒಂದು ದಿನ ಮುಂಚೆ ಹುಟ್ಟಿದವರೂ ಅನರ್ಹರಾಗಿದ್ದರು. ಒಂದು ವಾರದ ಅಂತರದಲ್ಲಿ ಹುಟ್ಟಿದವರಲ್ಲಿ ಬೇರೆ ಭೇದವೇನಿದ್ದೀತು? ರಾಶಿ ರಾಶಿ ದಾಖಲೆಗಳಿಂದ ಸತ್ಯವನ್ನು ಹೆಕ್ಕುವ ದತ್ತಾಂಶ ವಿಜ್ಞಾನದವರು ಈ ಗೆರೆಯನ್ನೇ ಹಿಡಿದರು. 2,80,000ಕ್ಕೂ ಹೆಚ್ಚು ವೃದ್ಧರ ಆರೋಗ್ಯದ ದಾಖಲೆಗಳನ್ನು ತೆಗೆದು, ಗೆರೆಯ ಈಚೆಯವರನ್ನೂ ಆಚೆಯವರನ್ನೂ ಹೋಲಿಸಿದರು. ಸರ್ಪಸುತ್ತು ಕಡಮೆಯಾದದ್ದು ಸರಿಯೇ. ಲಸಿಕೆ ಪಡೆದವರಲ್ಲಿ ಏಳು ವರ್ಷಗಳ ಅವಧಿಯಲ್ಲಿ ಮರೆಗುಳಿ ರೋಗವೂ ಸುಮಾರು ಐದರಲ್ಲಿ ಒಂದು ಪಾಲು ಕಡಮೆಯಾಗಿತ್ತು! 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ವರದಿ ಬಂತು. ಗಾದೆಯ ಅರಳುಮರಳಿನಲ್ಲಿ ಹಳೆಯ ಸೋಂಕಿನ ಕೈವಾಡವೂ ಇರಬಹುದೆಂದು ಅಂಕಿಗಳು ಸುಳಿವು ಕೊಟ್ಟವು.

ಇದನ್ನೋದಿ, ಅಜ್ಜಿ ಹುಟ್ಟಿದ ದಿನ ಯಾವುದೆಂದು ಕೇಳಿದೆ. “ಕೆರೆ ಕೋಡಿ ಬಿದ್ದ ವರ್ಷ ಕಣಪ್ಪ, ರಾಗಿ ಕೊಯ್ಲಿನ ಹೊತ್ತು” ಎಂದಳು. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿದೆ. ನಮ್ಮ ಬೀದಿಯ ಮುದುಕರಲ್ಲಿ ಮುಕ್ಕಾಲು ಮಂದಿ ಅಂದೇ ಹುಟ್ಟಿದವರು!

ನಗುವ ಮಾತೇ ಸರಿ. ಆದರೆ ಇಂಥ ತಾರೀಖುಗಳ ಮೇಲೆ ವೇಲ್ಸಿನಂಥ ಗೆರೆ ಎಳೆಯಲಾಗದು. ಹುಟ್ಟಿದ ದಿನ, ಬಂದ ರೋಗ, ಹಾಕಿಸಿಕೊಂಡ ಚುಚ್ಚುಮದ್ದು, ಇವನ್ನು ಬರೆದಿಡದ ಕಡೆ ಮುದುಕರ ನೋವು ಅವರೊಡನೆಯೇ ಮಣ್ಣಾಗುತ್ತದೆ; ಮುಂದಿನವರಿಗೆ ಪಾಠವಾಗುವುದಿಲ್ಲ. ಹಿರಿಯರ ಕಾಲುಮುಟ್ಟಿ ನಮಸ್ಕರಿಸುವುದನ್ನು ನಾವು ಬಲ್ಲೆವು. ಅವರನ್ನು ಲೆಕ್ಕಕ್ಕೆ ಹಿಡಿಯುವುದನ್ನೂ ಕಲಿಯಬೇಕು.