ಮರವೇರುವ ಮಂಚ

ಜಿಂಕೆಗಾಗಿ ಮರದ ಮೇಲೆ ಕಾದು ಕುಳಿತ ಬೇಡರಲ್ಲಿ ನಮಗೆಲ್ಲ ಪರಿಚಿತನಾದವನು ಶಿವರಾತ್ರಿಯ ಕಥೆಯ ಬೇಡ. ತೂಕಡಿಸಿ ಬಿದ್ದೇನೆಂಬ ಭಯದಿಂದ ಆತ ಬಿಲ್ವದ ಎಲೆಗಳನ್ನು ಒಂದೊಂದಾಗಿ ಕಿತ್ತು ಹಾಕುತ್ತಿದ್ದನಂತೆ. ಬಂದ ಜಿಂಕೆಗಳು ಮರಿಗಳನ್ನು ಕಂಡು ಬರುತ್ತೇವೆಂದು ಮಾತು ಕೊಟ್ಟು ಹೋಗಿ, ಹೇಳಿದಂತೆಯೇ ಮರಳಿದವು. ಕಥೆ ಕೇಳುವ ನಾವು ಎಲೆ ಬಿದ್ದ ಲಿಂಗವನ್ನು ನೆನೆಯುತ್ತೇವೆಯೇ ಹೊರತು, ಆ ಬಡಪಾಯಿ ರಾತ್ರಿಯಿಡೀ ಕೊಂಬೆಯ ಮೇಲೆ ಹೇಗೆ ಕುಳಿತಿದ್ದನೆಂದು ವಿಚಾರಿಸುವುದಿಲ್ಲ.

2023ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಅದನ್ನು ವಿಚಾರಿಸುವ ಪ್ರಸಂಗ ನನಗೆ ಒದಗಿತು. ಅಕ್ಕನ ಮಗ ಅಲ್ಲಿಯೇ ಹುಟ್ಟಿ ಬೆಳೆದ ಇಪ್ಪತ್ತರ ತರುಣ. ಬೇಟೆಯ ಪಾಠ ಮುಗಿಸಿ, ಪರವಾನಗಿ ಪಡೆದು, ಬಿಲ್ಲನ್ನೂ ಕೊಂಡಿದ್ದ. ನಮ್ಮ ದೇಶದಲ್ಲಾದರೆ 1972ರ ಕಾನೂನು ಇಂಥ ಹವ್ಯಾಸಕ್ಕೆ ಅವಕಾಶ ಕೊಡುವುದಿಲ್ಲ. ಅಲ್ಲಿ ತೋಳ ಅಳಿದು ಎಷ್ಟೋ ಕಾಲವಾಗಿದೆ. ಬಿಳಿಬಾಲದ ಜಿಂಕೆ ಜನರ ಕೈತೋಟಕ್ಕೇ ಬಂದು ಮೇಯುತ್ತದೆ.

“ಮಾಂಸದ ಮಾತು ಆಮೇಲಿರಲಿ. ಇವನು ಮರದಿಂದ ಬಿದ್ದರೆ ಏನು ಗತಿ? ನೀನಾದರೂ ಬುದ್ಧಿ ಹೇಳೋ” ಎಂದಳು ಅಕ್ಕ.

ಬುದ್ಧಿ ಹೇಳುವ ಮೊದಲು ವಸ್ತುವನ್ನು ನೋಡಬೇಕಲ್ಲ! ಅಲ್ಯೂಮಿನಿಯಮ್ಮಿನ ಎರಡು ತುಂಡು: ಮೇಲಿನದು ಪೀಠ, ಕೆಳಗಿನದು ಕಾಲಿಡುವ ಹಲಗೆ. ಎರಡಕ್ಕೂ ಮರವನ್ನು ಬಳಸುವ ಉಕ್ಕಿನ ಹುರಿ. ಪೀಠದ ಮೇಲೆ ಕುಳಿತು ಪಾದಗಳಿಂದ ಹಲಗೆಯನ್ನು ಮೇಲೆಳೆಯಬೇಕು. ಹಲಗೆಯ ಮೇಲೆ ನಿಂತು ಪೀಠವನ್ನು ಮೇಲೇರಿಸಬೇಕು. ಕಂಬಳಿಹುಳು ಗೋಡೆ ಹತ್ತುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಮರಕ್ಕೆ ಮೊಳೆ ಹೊಡೆಯುವ ಪಾಪವಿಲ್ಲ.

ಅಂಗಡಿಯಲ್ಲಿ ಹುಡುಗ ತೀರ ಹಗುರವಾದುದಕ್ಕೆ ಮನಸೋತಿದ್ದನಂತೆ. ಹಗುರವೆಂಬುದು ಹೊತ್ತು ನಡೆಯುವಾಗ ಮಾತ್ರ ಗುಣ. ಮೂರು ಗಂಟೆ ಕೂರುವವನಿಗೆ ಅಗಲವಾದ ಪೀಠವೇ ದೇವರು. ಕೊನೆಗೆ ಕೊಂಡದ್ದು ಇಪ್ಪತ್ತು ಪೌಂಡಿನ ಆಸುಪಾಸಿನದು. ತಾಳುವ ಭಾರ ಮುನ್ನೂರು ಪೌಂಡು. ಬಟ್ಟೆ, ಚೀಲ, ಬಿಲ್ಲು ಎಲ್ಲವೂ ಆ ಲೆಕ್ಕದಲ್ಲಿ ಸೇರುತ್ತವೆ. ಮದುವೆಯೂಟದ ನಂತರ ತೂಗಿ ನೋಡಿದರೆ ನನ್ನಂಥವನಿಗೂ ಸಾಲುತ್ತದೆ.

ಮಂಚಕ್ಕಿಂತ ಮರವನ್ನು ಆರಿಸುವುದೇ ಕಷ್ಟ. ಜೀವಂತ ಮರವಾಗಿರಬೇಕು, ನೆಟ್ಟಗಿರಬೇಕು, ಏರುವ ಎತ್ತರದವರೆಗೆ ಕೊಂಬೆಯಿರಬಾರದು. ತೊಗಟೆ ಸುಲಿಯುವ ಹಿಕರಿ ಬೇಡ; ನುಣುಪಾದ ಬೀಚ್ ಮರ ಮಳೆ ಬಿದ್ದರೆ ಜಾರುತ್ತದೆ. ಮೇಲೆ ಹೋದಂತೆ ಮರ ಸಣ್ಣದಾಗುವುದರಿಂದ ಕೆಳಗಿರುವಾಗಲೇ ಹಲಗೆಯ ಮುಂತುದಿಯನ್ನು ತುಸು ಮೇಲಕ್ಕೆತ್ತಿ ಕಟ್ಟಬೇಕು. ಇಲ್ಲವಾದರೆ ಮೇಲೆ ಮುಟ್ಟುವ ವೇಳೆಗೆ ಅದು ಮುಂದಕ್ಕೆ ಬಾಗಿರುತ್ತದೆ. ಇಷ್ಟೆಲ್ಲ ಆದ ಮೇಲೆ ಗಾಳಿ! ಜಿಂಕೆಯ ಹಾದಿಯಿಂದ ನಮ್ಮ ಕಡೆಗೆ ಗಾಳಿ ಬೀಸಬೇಕು. ನಮ್ಮ ವಾಸನೆ ಅದರ ಮೂಗಿಗೆ ತಾಗಿತೋ, ಆ ದಿನದ ಬೇಟೆ ಮುಗಿಯಿತು.

ಹಿತ್ತಲಿನ ಟ್ಯೂಲಿಪ್ ಪಾಪ್ಲರ್ ಮರದಲ್ಲಿ ಅಭ್ಯಾಸ ನಡೆಯಿತು. “ಮೇಲೆ ಹೋಗಿ ಕಟ್ಟಿಕೊಳ್ತೀನಿ, ಮಾಮ” ಎಂದ ಹುಡುಗ. ಇಲ್ಲಿ ಮಾತ್ರ ನಾನು ಮೇಷ್ಟ್ರಾದೆ. ಬೀಳುವವರಲ್ಲಿ ಬಹಳ ಮಂದಿ ಬೀಳುವುದು ಹತ್ತುವಾಗ, ಇಳಿಯುವಾಗ. ಭುಜ, ಎದೆ, ತೊಡೆಗಳನ್ನು ಬಿಗಿಯುವ ಪಟ್ಟಿಯನ್ನು ನೆಲದ ಮೇಲೆಯೇ ತೊಟ್ಟು, ಅದರ ಹಗ್ಗವನ್ನು ಮರಕ್ಕೆ ಸುತ್ತಿ, ಪ್ರತಿ ಹೆಜ್ಜೆಗೂ ಮೇಲೆ ಸರಿಸುತ್ತ ಹೋಗಬೇಕು. ಪೀಠವನ್ನೂ ಹಲಗೆಯನ್ನೂ ಒಂದಕ್ಕೊಂದು ಕಟ್ಟಿರಬೇಕು. ಹಲಗೆ ಜಾರಿ ಕೆಳಗಿಳಿದರೆ ಪೀಠದಲ್ಲಿರುವವನು ತ್ರಿಶಂಕು. ಪಟ್ಟಿಯಲ್ಲಿ ನೇತಾಡುವುದೂ ಕ್ಷೇಮವಲ್ಲ, ರಕ್ತ ಕಾಲಿಗಿಳಿದು ಪ್ರಾಣಕ್ಕೆ ಅಪಾಯ. ಪಾದವೂರಿ ನಿಲ್ಲಲು ಒಂದು ಕುಣಿಕೆ ಕೈಗೆಟುಕುವಂತಿರಬೇಕು. ಬಿಲ್ಲನ್ನು ಕೈಯಲ್ಲಿ ಹಿಡಿದು ಹತ್ತುವಂತಿಲ್ಲ. ಕುಳಿತ ಮೇಲೆ ಹಗ್ಗದಲ್ಲಿ ಸೇದಿಕೊಳ್ಳಬೇಕು, ಬಾವಿಯಿಂದ ಕೊಡ ಸೇದುವಂತೆ. ಮೂರು ದಿನ ನೆಲದಿಂದ ಮೊಳದೆತ್ತರದಲ್ಲಿಯೇ ಅವನನ್ನು ಹತ್ತಿಸಿ ಇಳಿಸಿದೆ.

ಅಕ್ಕ ಅಡಿಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಬೇಟೆಗೆ ಒಪ್ಪಲಿಲ್ಲ, ಬೇಡವೆನ್ನಲೂ ಇಲ್ಲ. ಜಿಂಕೆಯ ಮಾಂಸ ಬರುವುದಾದರೆ ಅದಕ್ಕೆ ಗ್ಯಾರೇಜಿನಲ್ಲಿ ಬೇರೆ ಪೆಟ್ಟಿಗೆ ಎಂದು ತೀರ್ಪಿತ್ತಳು. ಯಾವ ಮರ, ಇಳಿದು ಮನೆಗೆ ಬರುವುದು ಎಷ್ಟು ಗಂಟೆಗೆ ಎಂಬುದನ್ನು ಅವನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋಗಬೇಕೆಂದಳು.

ಮೊದಲ ದಿನದ ಚೀಟಿಯಲ್ಲಿ ಹನ್ನೊಂದು ಎಂದಿತ್ತು. ಬಂದಾಗ ಹನ್ನೊಂದೂಕಾಲು, ಕೈ ಬರಿದು. ಆ ಕಾಲು ಗಂಟೆ ಒಲೆಯ ಮೇಲಿನ ಸಾರು ಕುದಿದು ಅರ್ಧಕ್ಕಿಳಿದಿತ್ತು.