ದುಭಾಷಿಯ ಮಾತು, ಮುಳುಗಿದ ಹಡಗು

1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ ಎರೆಬಸ್, ಟೆರರ್ ಎಂಬ ಎರಡು ಹಡಗುಗಳಲ್ಲಿ ಆರ್ಕ್‌ಟಿಕ್‌ನ ಮಂಜಿನ ನಡುವೆ ಏಷ್ಯಾಕ್ಕೆ ದಾರಿ ಹುಡುಕಲು ಹೊರಟ. ಅವನೂ ಸೇರಿ 129 ಜನರಲ್ಲಿ ಒಬ್ಬರೂ ಮರಳಲಿಲ್ಲ. 1854ರಲ್ಲಿ ಜಾನ್ ರೇ ಎಂಬ ಅನ್ವೇಷಕ ಅಲ್ಲಿನ ಇನ್ಯುಯಿಟ್ ಜನರಿಂದ ಕೇಳಿದ್ದನ್ನು ಲಂಡನ್ನಿಗೆ ತಂದ: ಬಿಳಿಯರು ಹಸಿದು ಸತ್ತರು, ಕೊನೆಗೆ ಸತ್ತವರನ್ನೇ ತಿಂದರು. ಚಾರ್ಲ್ಸ್ ಡಿಕನ್ಸ್ ಕೆರಳಿದ. ತನ್ನ ಪತ್ರಿಕೆಯಲ್ಲಿ ಇನ್ಯುಯಿಟರ ಜೊತೆಗೆ ರೇಯ ದುಭಾಷಿಯನ್ನೂ ಅನುಮಾನಿಸಿದ. ದೊಡ್ಡವರ ಮುಂದೆ ನಿಂತ ದುಭಾಷಿಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ಮಾತನ್ನು ಹಿಗ್ಗಿಸುವ ಚಪಲ ಇರುತ್ತದೆ ಎಂಬುದು ಅವನ ವಾದ.

ಅನುವಾದದಿಂದಲೇ ಅನ್ನ ಕಾಣುವ ನನಗೆ ಈ ಲೆಕ್ಕ ಚುಚ್ಚುತ್ತದೆ. ಆ ದುಭಾಷಿಗೊಂದು ಹೆಸರಿತ್ತು: ವಿಲಿಯಂ ಔಲಿಗ್‌ಬಕ್.

1860ರ ದಶಕದಲ್ಲಿ ಚಾರ್ಲ್ಸ್ ಹಾಲ್ ಎಂಬ ಅಮೆರಿಕನ್, ತುಕುಲಿಟೊ ಮತ್ತು ಎಬಿಯರ್‌ಬಿಂಗ್ ಎಂಬ ಇನ್ಯುಯಿಟ್ ದಂಪತಿಯನ್ನು ದುಭಾಷಿಗಳಾಗಿ ಕರೆದುಕೊಂಡು ಹೋಗಿ ಮತ್ತೆ ವಿಚಾರಿಸಿದ. ಒಂದು ಹಡಗು ಉಟ್ಜುಲಿಕ್ ಎಂಬಲ್ಲಿ ಮುಳುಗಿತು ಎಂದರು ಜನ. ಗಡ್ಡದ ಸೀಲುಗಳಿರುವ ಜಾಗ ಎಂದು ಆ ಹೆಸರಿನ ಅರ್ಥ. ಹಾಲ್ ಅದನ್ನು ಇಂಗ್ಲಿಷಿಗೆ ಇಳಿಸದೆ ಕಿವಿಗೆ ಬಿದ್ದಂತೆಯೇ ಬರೆದುಕೊಂಡ. 2014ರ ಸೆಪ್ಟೆಂಬರಿನಲ್ಲಿ ಪಾರ್ಕ್ಸ್ ಕೆನಡಾದ ಪುರಾತತ್ವಜ್ಞರಿಗೆ ಎರೆಬಸ್ ಸಿಕ್ಕಿದ್ದು ಆ ಸೀಮೆಯಲ್ಲೇ, ಸುಮಾರು 11 ಮೀಟರ್ ನೀರಿನಲ್ಲಿ. ಟೆರರ್ 2016ರಲ್ಲಿ ಸಿಕ್ಕಿತು. ಸುಳಿವು ಕೊಟ್ಟವರು ಸ್ಯಾಮಿ ಕೊಗ್ವಿಕ್ ಎಂಬ ಇನ್ಯುಯಿಟ್. ಅದಕ್ಕೂ ಮೊದಲೇ, ನಾವಿಕರ ಮೂಳೆಗಳ ಮೇಲೆ ಕಂಡ ಚಾಕುವಿನ ಗೀರುಗಳು ರೇ ತಂದ ಸುದ್ದಿಗೆ ಸಾಕ್ಷಿ ಹೇಳಿದ್ದವು.

ಹಾಗಾದರೆ ಹಳೆಯ ಮಾತನ್ನೆಲ್ಲ ನಂಬಿ ನೀರಿಗಿಳಿಯಬಹುದೇ? ಲೋಥಲ್ ಅಗೆದ ಕನ್ನಡಿಗ ಎಸ್. ಆರ್. ರಾವ್ 1980ರ ದಶಕದಲ್ಲಿ ದ್ವಾರಕೆಯ ಕಡಲಲ್ಲಿ ಶೋಧ ನಡೆಸಿದರು. ಕಲ್ಲಿನ ಕಟ್ಟಡಗಳ ಅವಶೇಷಗಳೂ ಲಂಗರುಗಳೂ ಸಿಕ್ಕವು. ಇದು ಮಹಾಭಾರತದ ದ್ವಾರಕೆ ಎಂದರು ರಾವ್; ಅವುಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಾನಿರುವ ಕಾತ್ರಜದಿಂದ ಪುಣೆಯೊಳಗೆ ಹೋದರೆ ಭಂಡಾರಕರ್ ಸಂಸ್ಥೆ ಇದೆ. ಮಹಾಭಾರತದ ಹಸ್ತಪ್ರತಿಗಳನ್ನು ಹೋಲಿಸಿ ಪರಿಷ್ಕೃತ ಪಾಠ ಸಿದ್ಧಪಡಿಸುವ ಕೆಲಸ ಅಲ್ಲಿ 1919ರಿಂದ 1966ರವರೆಗೆ ನಡೆಯಿತು. ಅಷ್ಟು ಕೈ ದಾಟಿ ಬಂದ ಮಾತು ಅದು. ಉಟ್ಜುಲಿಕ್‌ನ ಸರಪಳಿ ಗಿಡ್ಡ: ಕಂಡವರು, ಕೇಳಿದವರು, ದುಭಾಷಿ, ಟಿಪ್ಪಣಿ ಪುಸ್ತಕ.

ಮಾತು ಎಷ್ಟು ಬಾಯಿ ದಾಟಿ ಬಂತು ಎಂಬ ಪ್ರಶ್ನೆ ಡಿಕನ್ಸ್‌ಗೂ ಹೊಳೆದಿತ್ತು. ಆದರೆ ಉತ್ತರ ಹುಡುಕದೆ ಅವನು ಜನರ ಗುಣದ ಮೇಲೆ ತೀರ್ಪು ಕೊಟ್ಟ. ದುಭಾಷಿಯನ್ನು ಅನುಮಾನಿಸುವುದು ತಪ್ಪಲ್ಲ. ಅನುಮಾನ ಬಂದರೆ ಹಾಲ್‌ನಂತೆ ಇನ್ನೊಬ್ಬ ದುಭಾಷಿಯ ಜೊತೆ ಹೋಗಿ, ಮತ್ತೊಮ್ಮೆ ಕೇಳಬೇಕು.