ಕಡ್ಡಿಯ ಹಿಗ್ಗು

ಮೋಟಾರು ಕೂತ ಸೈಕಲ್ಲಿನ ಹಿಂದಿನ ಚಕ್ರ ಓಲಾಡತೊಡಗಿದರೆ ಎಲ್ಲರ ಬಾಯಲ್ಲೂ ಬರುವ ಮದ್ದು ಒಂದೇ: ದಪ್ಪ ಕಡ್ಡಿ ಹಾಕಿಸಿ. ಹಬ್ಬಿನೊಳಗೆ ಐದಾರು ಕೆ.ಜಿ. ತಾಮ್ರ, ಕಬ್ಬಿಣ ತುಂಬಿರುವಾಗ 2 ಮಿ.ಮೀ. ಕಡ್ಡಿ ಏನು ತಡೆದೀತು ಎಂಬ ಅನುಮಾನ ಸಹಜವೇ. ಆದರೆ ಅದು ಎತ್ತಿನ ಗಾಡಿಯ ಚಕ್ರ ನೋಡಿ ಹುಟ್ಟಿದ ಅನುಮಾನ. ಗಾಡಿಯ ಅರ ಭಾರ ಹೊರುವ ಕಂಬ. ಸೈಕಲ್ಲಿನ ಕಡ್ಡಿ ಬಿಗಿದು ಕಟ್ಟಿದ ತಂತಿ. ನೆಲ ತಾಗುವಲ್ಲಿ ರಿಮ್ಮು ಕೂದಲೆಳೆಯಷ್ಟು ಚಪ್ಪಟೆಯಾದಾಗ ಅಲ್ಲಿನ ಕಡ್ಡಿಗಳ ಬಿಗಿ ಇಳಿಯುತ್ತದೆ. ಮೊದಲೇ ಸಾಕಷ್ಟು ಹಿಗ್ಗಿರುವ ಕಡ್ಡಿ ಆ ಇಳಿತವನ್ನು ನುಂಗಿಕೊಳ್ಳುತ್ತದೆ. ಹಿಗ್ಗದ ಕಡ್ಡಿ ಸುತ್ತು ಸುತ್ತಿಗೂ ಸಡಿಲಾಗುತ್ತದೆ. ಅದರ ನಿಪ್ಪಲ್ ತಾನಾಗಿ ಬಿಚ್ಚಿಕೊಂಡು ಚಕ್ರ ಡೊಂಕಾಗುತ್ತದೆ.

ಲೆಕ್ಕ ಹಾಕಿಯೇ ನೋಡಬಹುದು. 160 ಮಿ.ಮೀ. ಉದ್ದದ, 14 ಗೇಜಿನ, ಅಂದರೆ 2 ಮಿ.ಮೀ. ಉಕ್ಕಿನ ಕಡ್ಡಿಯನ್ನು 100 ಕೆ.ಜಿ. ಬಲದಿಂದ ಎಳೆದರೆ ಸುಮಾರು ಕಾಲು ಮಿ.ಮೀ. ಹಿಗ್ಗುತ್ತದೆ. 12 ಗೇಜಿನ 2.6 ಮಿ.ಮೀ. ಕಡ್ಡಿ ಅದೇ ಎಳೆತಕ್ಕೆ ಹಿಗ್ಗುವುದು 0.15 ಮಿ.ಮೀ. ಮಾತ್ರ. ಹಾಗಾದರೆ ಇನ್ನಷ್ಟು ಬಿಗಿದರಾಯಿತಲ್ಲ? ಕಡ್ಡಿ ತಡೆಯುತ್ತದೆ, ರಿಮ್ಮು ತಡೆಯುವುದಿಲ್ಲ. ಸಾಮಾನ್ಯ ಅಲ್ಯೂಮಿನಿಯಂ ರಿಮ್ಮಿನ ಸಹನೆ 100–120 ಕೆ.ಜಿ.ಗೆ ಮುಗಿಯಿತು, ಆಮೇಲೆ ತೂತಿನ ಸುತ್ತ ಬಿರುಕು.

ಮೋಟಾರು ತಿರುಗಿಸುವ ರಭಸಕ್ಕಾದರೂ ದಪ್ಪ ಕಡ್ಡಿ ಬೇಡವೇ ಎಂದರೆ, ಅಲ್ಲಿ ದೊಡ್ಡ ಹಬ್ಬೇ ನೆರವಿಗೆ ಬರುತ್ತದೆ. 40 ನ್ಯೂಟನ್-ಮೀಟರ್ ಟಾರ್ಕು ಅಚ್ಚಿನಿಂದ 7 ಸೆಂ.ಮೀ. ದೂರದಲ್ಲಿ 36 ಕಡ್ಡಿಗಳಿಗೆ ಹಂಚಿಹೋದರೆ ಒಂದೊಂದರ ಪಾಲಿಗೆ ಎರಡು ಕೆ.ಜಿ.ಯೂ ಬರುವುದಿಲ್ಲ. ತೂಕವಿರುವ ಆಕ್ಷೇಪ ರಸ್ತೆಗುಂಡಿಯದು: ರಿಮ್ಮು ಗುದ್ದಿಸಿಕೊಂಡಾಗ ಮೋಟಾರಿನ ಭಾರವೆಲ್ಲ ಹಬ್ಬಿನ ಬಳಿ ಕಡ್ಡಿ ಬಾಗುವ ಮೊಣಕೈಗೆ ಬಡಿಯುತ್ತದೆ. ಅದಕ್ಕೇ ಮೊಣಕೈಯಲ್ಲಿ 2.3, ಮೈಯಲ್ಲಿ 2 ಮಿ.ಮೀ. ಇರುವ ಕಡ್ಡಿ ಜಾಣರ ಆಯ್ಕೆ. ಹಬ್ಬಿನ ತೂತು ದೊಡ್ಡದಾದರೆ ತಲೆಯ ಕೆಳಗೊಂದು ವಾಷರ್ ಸಾಕು.

ಹೆಣಿಗೆಯಲ್ಲೂ ಇದೇ ನ್ಯಾಯ. ಸಾದಾ ಸೈಕಲ್ಲಿನಂತೆ ಪ್ರತಿ ಕಡ್ಡಿಯನ್ನೂ ಮೂರು ಕಡ್ಡಿ ದಾಟಿಸಿ ಹೆಣೆದರೆ, ದೊಡ್ಡ ಹಬ್ಬಿನಿಂದ ಹೊರಟದ್ದು ರಿಮ್ಮಿಗೆ ಓರೆಯಾಗಿ ಹೊಕ್ಕು ನಿಪ್ಪಲ್ಲಿನ ಕತ್ತಿನಲ್ಲಿ ಬಾಗಿ ಅಲ್ಲೇ ಮುರಿಯುತ್ತದೆ. ಒಂದು ದಾಟು ಸಾಕು. ಇನ್ನು ಬೆಂಡ್ ತೆಗೆಯುವ ಮುನ್ನ ರಿಮ್ಮು ಹಿಡಿದು ಅಡ್ಡಕ್ಕೆ ಅಲ್ಲಾಡಿಸಬೇಕು. ಎಲ್ಲಿ ಹಿಡಿದರೂ ಕಟಕಟ ಎಂದರೆ ಪಾಪ ಬೇರಿಂಗಿನದು, ಕಡ್ಡಿಯದಲ್ಲ. ಆಮೇಲೆ ಒಂದು ಬದಿಯ ಕಡ್ಡಿಗಳನ್ನು ಒಂದೊಂದಾಗಿ ಮೀಟಿದರೆ ಸಡಿಲಾದದ್ದು ಮಂದ್ರದಲ್ಲಿ ಗೊಣಗುತ್ತದೆ. ಫ್ರೇಮಿಗೆ ಆನಿಸಿ ಹಿಡಿದ ಸೀಮೆಸುಣ್ಣ ರಿಮ್ಮಿನ ಎಡಮೈಗೆ ಗೀರಿದಲ್ಲಿ ಬಲಗಡೆಯದನ್ನು ಕಾಲು ಸುತ್ತು ಬಿಗಿಯಬೇಕು, ಎಡಗಡೆಯದನ್ನು ಅಷ್ಟೇ ಸಡಿಲಿಸಬೇಕು. ಬಿಗಿಯುವ ಕೈಯ ಆತುರ ಎಲ್ಲರಿಗೂ ಗೊತ್ತು. ಈ ಕೆಲಸದ ರುಚಿಯಿರುವುದು ಸಡಿಲಿಸುವ ಆ ಕಾಲು ಸುತ್ತಿನಲ್ಲಿ.